ಸಣ್ಣ ದೋಣಿಗೆ ಎಲೆಕ್ಟ್ರಿಕ್ ಟ್ರೋಲಿಂಗ್ ಮೋಟಾರ್: ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು



ಯುಗಾದಿ ಕಾರ್ಯಕ್ರಮದ ಊಟದ ಸಾಲಿನಲ್ಲಿ ಕೇಳಿಬರುವ ಮಾತುಗಳು ಈಚೆಗೆ ಬದಲಾಗಿವೆ. ಮೊದಲೆಲ್ಲ ಗ್ರೀನ್ ಕಾರ್ಡ್, ಮನೆ ಸಾಲ, ಮಕ್ಕಳ ಶಾಲೆ ಇಷ್ಟೇ ಇತ್ತು. ಈಗ ಅದರ ಜೊತೆಗೆ ದೋಣಿಯೂ ಸೇರಿಕೊಂಡಿದೆ! ಆಶ್ಚರ್ಯವೇನಿಲ್ಲ. ನಾವಿರುವ ಮಿನ್ನೆಸೋಟದಲ್ಲಿ 10 ಎಕರೆಗಿಂತ ದೊಡ್ಡ ಕೆರೆಗಳೇ 11,842 ಇವೆ. ಕಾರಿನ ನಂಬರ್ ಪ್ಲೇಟಿನ ಮೇಲೆ 'ಹತ್ತು ಸಾವಿರ ಕೆರೆಗಳು' ಎಂದು ಬರೆದಿರುವುದು ಇಲ್ಲಿನವರ ಸಂಕೋಚ ಎನ್ನಬೇಕು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ನಮ್ಮ ಬಳಗದ ಅನೇಕ ಮನೆಗಳವರು ಹಳೆಯ ಅಲ್ಯೂಮಿನಿಯಂ ದೋಣಿಯನ್ನೋ ಕನೂವನ್ನೋ ಕೊಂಡಿದ್ದಾರೆ. ಮೀನು ತಿನ್ನದ ಮನೆಯ ಮಕ್ಕಳೂ ಗಾಳ ಹಾಕಿ, ಹಿಡಿದು, ಫೋಟೋ ತೆಗೆಸಿಕೊಂಡು, ಮತ್ತೆ ನೀರಿಗೇ ಬಿಡುತ್ತಿದ್ದಾರೆ. ಹೀಗೆ ದೋಣಿ ಕೊಂಡವರೆಲ್ಲ ಕೇಳುವ ಮೊದಲ ಪ್ರಶ್ನೆ, 'ಯಾವ ಟ್ರೋಲಿಂಗ್ ಮೋಟಾರ್ ತಗೊಳ್ಳೋದು?' ಅದಕ್ಕೆ ಉತ್ತರವಾಗಿ ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಹೆಸರಿನ ವಿಚಾರ. ಇಂಟರ್ನೆಟ್ಟಿನಲ್ಲಿ ಜಗಳ ಕಾಯುವ 'ಟ್ರೋಲ್'ಗಳಿಗೂ ಇದಕ್ಕೂ ಸಂಬಂಧವಿಲ್ಲ. ದೋಣಿಯನ್ನು ಬಹಳ ನಿಧಾನವಾಗಿ ನಡೆಸುತ್ತಾ, ಹಿಂದೆ ಗಾಳದ ದಾರವನ್ನು ಎಳೆದುಕೊಂಡು ಹೋಗಿ ಮೀನು ಹಿಡಿಯುವ ಕ್ರಮಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಪೆಟ್ರೋಲ್ ಎಂಜಿನ್ನಿಗೆ ಅಷ್ಟು ನಿಧಾನವಾಗಿ, ಅಷ್ಟು ಸದ್ದಿಲ್ಲದೆ ಓಡುವುದು ಕಷ್ಟ. ಬ್ಯಾಟರಿಯಿಂದ ಓಡುವ ಸಣ್ಣ ಮೋಟಾರಿಗೆ ಅದೇ ಸುಲಭ. ಈ ಮೋಟಾರಿನ ಮೂಲವೂ ನಮ್ಮ ಅಕ್ಕಪಕ್ಕದ್ದೇ. 1934ರಲ್ಲಿ ಪಕ್ಕದ ನಾರ್ತ್ ಡಕೋಟದ ಫಾರ್ಗೋ ಊರಿನಲ್ಲಿ ಓ. ಜಿ. ಶ್ಮಿಟ್ ಎಂಬವರು ಎಲೆಕ್ಟ್ರಿಕ್ ಟ್ರೋಲಿಂಗ್ ಮೋಟಾರ್ ತಯಾರಿಸಿದರು. ಮಿನ್ನೆಸೋಟದ 'ಮಿನ್' ಮತ್ತು ಡಕೋಟದ 'ಕೋಟ' ಸೇರಿ 'ಮಿನ್ ಕೋಟ' ಎಂಬ ಹೆಸರಾಯಿತು. ಆ ಕಂಪನಿಯ ಮೋಟಾರುಗಳು ಇಂದಿಗೂ ನಮ್ಮ ಮ್ಯಾಂಕೇಟೋದಲ್ಲಿ ತಯಾರಾಗುತ್ತವೆ. ಮೋಟಾರ್‌ಗೈಡ್, ಗಾರ್ಮಿನ್ ಮೊದಲಾದವರೂ ಮಾರುಕಟ್ಟೆಯಲ್ಲಿದ್ದಾರೆ. ಯಾವ ಕಂಪನಿಯದನ್ನು ಕೊಳ್ಳಬೇಕು ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಲೆಕ್ಕ ಸರಿಯಿದ್ದರೆ ಯಾವುದಾದರೂ ನಡೆಯುತ್ತದೆ, ಲೆಕ್ಕ ತಪ್ಪಿದರೆ ಯಾವುದೂ ನಡೆಯುವುದಿಲ್ಲ.

ಲೆಕ್ಕ ಎಲ್ಲಿಂದ ಶುರು?

ಈ ಮೋಟಾರುಗಳ ಬಲವನ್ನು ಹಾರ್ಸ್ ಪವರ್‌ನಲ್ಲಿ ಹೇಳುವುದಿಲ್ಲ, ಪೌಂಡುಗಳಲ್ಲಿ ಹೇಳುತ್ತಾರೆ. 30 ಪೌಂಡ್, 45 ಪೌಂಡ್, 55 ಪೌಂಡ್ ಥ್ರಸ್ಟ್ ಎಂದು ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುತ್ತದೆ. ಅದು ಮೋಟಾರಿನ ತೂಕವಲ್ಲ (ಹಾಗೆ ತಿಳಿದವರೂ ಉಂಟು!). ನಿಂತ ನೀರಿನಲ್ಲಿ, ನಿಂತ ದೋಣಿಯನ್ನು ಆ ಮೋಟಾರ್ ಎಷ್ಟು ಬಲವಾಗಿ ತಳ್ಳಬಲ್ಲದು ಎಂಬುದರ ಅಳತೆ. ದೋಣಿ ಮುಂದೆ ಸಾಗತೊಡಗಿದಂತೆ ಆ ತಳ್ಳುವ ಬಲ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ಆದ್ದರಿಂದ 30 ಪೌಂಡಿನ ಬದಲು 55 ಪೌಂಡಿನದನ್ನು ತಂದರೆ ದೋಣಿ ಎರಡು ಪಟ್ಟು ವೇಗವಾಗಿ ಓಡುತ್ತದೆ ಎಂದು ಎಣಿಸಬೇಡಿ. 12 ವೋಲ್ಟಿನ ಯಾವ ಮೋಟಾರಾದರೂ ಸಣ್ಣ ದೋಣಿಯನ್ನು ಗಂಟೆಗೆ ಮೂರು ನಾಲ್ಕು ಮೈಲಿಯ ಆಸುಪಾಸಿನಲ್ಲಿ, ಅಂದರೆ ಚುರುಕಾದ ನಡಿಗೆಯ ವೇಗದಲ್ಲಿ ನಡೆಸುತ್ತದೆ. ಹೆಚ್ಚಿನ ಥ್ರಸ್ಟ್ ಕೊಡುವುದು ಭಾರವನ್ನೂ ಗಾಳಿಯನ್ನೂ ತಡೆದುಕೊಳ್ಳುವ ತಾಕತ್ತನ್ನು, ವೇಗವನ್ನಲ್ಲ.

ಸಾಮಾನ್ಯವಾಗಿ ಹೇಳುವ ಲೆಕ್ಕ ಇದು: ಎಲ್ಲವೂ ತುಂಬಿದ ದೋಣಿಯ ಪ್ರತಿ 100 ಪೌಂಡ್ ತೂಕಕ್ಕೆ ಕನಿಷ್ಠ 2 ಪೌಂಡ್ ಥ್ರಸ್ಟ್ ಬೇಕು. ಪ್ರತಿ 200 ಪೌಂಡಿಗೆ 5 ಎಂದು ಹಿಡಿದರೆ ಇನ್ನೂ ಕ್ಷೇಮ. 'ಎಲ್ಲವೂ ತುಂಬಿದ' ಎಂಬ ಮಾತನ್ನು ಮರೆಯಬೇಡಿ. ಕ್ಯಾಟಲಾಗಿನಲ್ಲಿ ಇರುವುದು ಖಾಲಿ ದೋಣಿಯ ತೂಕ.

ಒಂದು ಉದಾಹರಣೆ ನೋಡೋಣ. 14 ಅಡಿಯ ಅಲ್ಯೂಮಿನಿಯಂ ದೋಣಿ, ಅದರ ತೂಕ 250 ಪೌಂಡ್ ಎಂದಿಟ್ಟುಕೊಳ್ಳಿ. ಗಂಡ, ಹೆಂಡತಿ, ಒಬ್ಬ ಹೈಸ್ಕೂಲ್ ಓದುವ ಮಗ ಸೇರಿ 450. ಬ್ಯಾಟರಿ 55, ಮೋಟಾರ್ 25. ಲಂಗರು, ಹುಟ್ಟುಗಳು, ಗಾಳದ ಪೆಟ್ಟಿಗೆ, ಐಸ್ ಪೆಟ್ಟಿಗೆ, ಮತ್ತು ನಮ್ಮವರು ಹೊರಟ ಮೇಲೆ ತಪ್ಪದ ಚಿತ್ರಾನ್ನ ಮೊಸರನ್ನದ ಡಬ್ಬಿಗಳು, ಎಲ್ಲ ಸೇರಿ 70. ಒಟ್ಟು 850 ಪೌಂಡ್. ಮೊದಲ ಲೆಕ್ಕಕ್ಕೆ 17 ಪೌಂಡ್ ಥ್ರಸ್ಟ್ ಸಾಕು, ಎರಡನೆಯದಕ್ಕೆ 21 ಚಿಲ್ಲರೆ. ಹಾಗಾದರೆ 30 ಪೌಂಡಿನ ಅಗ್ಗದ ಮೋಟಾರ್ ಧಾರಾಳವಾಗಿ ಸಾಕಲ್ಲ!

ಗಾಳಿ ಇಲ್ಲದಿದ್ದರೆ ಸಾಕು. ತೊಡಕು ಇರುವುದೇ ಅಲ್ಲಿ. ಬೆಳಿಗ್ಗೆ ಆರು ಗಂಟೆಗೆ ಕನ್ನಡಿಯಂತಿದ್ದ ಕೆರೆಯಲ್ಲಿ ಹನ್ನೊಂದರ ಹೊತ್ತಿಗೆ ಗಾಳಿ ಏಳುವುದು ಇಲ್ಲಿ ಸಾಮಾನ್ಯ. ಗಾಳಿಯ ವೇಗ ಎರಡು ಪಟ್ಟಾದರೆ ಅದು ದೋಣಿಯನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 20 ಮೈಲಿ ಗಾಳಿ ಎದುರಿನಿಂದ ಬೀಸುವಾಗ ಮೂವರು ಕುಳಿತ ಇಂಥ ದೋಣಿಯ ಮೇಲೆ, ಸುಮಾರು ಲೆಕ್ಕದಲ್ಲಿ, 20 ಪೌಂಡಿನಷ್ಟು ಬಲ ಬೀಳುತ್ತದೆ. ಅಲೆಗಳ ಹೊಡೆತ ಬೇರೆ. ನಿಮ್ಮದು 30 ಪೌಂಡಿನ ಮೋಟಾರಾದರೆ ಅದರಲ್ಲಿ ಮೂರನೇ ಎರಡು ಪಾಲು ಬರೀ ಇದ್ದಲ್ಲೇ ಇರುವುದಕ್ಕೆ ಖರ್ಚು. ಉಳಿದದ್ದರಲ್ಲಿ ಮನೆ ಸೇರಬೇಕು. ಬೆಳಿಗ್ಗೆ ಹೋಗುವಾಗ ಗಾಳಿ ಬೆನ್ನಿಗಿದ್ದರೆ ದೋಣಿ ಸಲೀಸಾಗಿ ಹೋಗಿರುತ್ತದೆ, ಎಷ್ಟು ದೂರ ಬಂದಿದ್ದೇವೆಂದು ಗೊತ್ತೇ ಆಗಿರುವುದಿಲ್ಲ. ಆದ್ದರಿಂದ ಮೇಲಿನ ದೋಣಿಗೆ ನಮ್ಮ ಸಲಹೆ 45 ಅಥವಾ 55 ಪೌಂಡ್. ಇಬ್ಬರು ಕೂರುವ ಕನೂ ಆದರೆ 30 ಸಾಕು. ಅಲ್ಲಿ ಅದಕ್ಕಿಂತ ದೊಡ್ಡ ಮೋಟಾರೂ ಬ್ಯಾಟರಿಯೂ ಕೂತರೆ ಕನೂವಿನ ಸಮತೋಲವೇ ಕೆಡುತ್ತದೆ.

16 ಅಡಿ ದಾಟಿದ, ಪೆಟ್ರೋಲ್ ಎಂಜಿನ್ನೂ ಇರುವ ಭಾರದ ದೋಣಿಗಳಿಗೆ 70, 80 ಪೌಂಡಿನ ಮೋಟಾರ್ ಬೇಕಾಗಬಹುದು. 12 ವೋಲ್ಟಿನಲ್ಲಿ ಸುಮಾರು 55 ಪೌಂಡಿನವರೆಗೆ ಮಾತ್ರ ಸಿಗುತ್ತದೆ. 80ರವರೆಗೆ 24 ವೋಲ್ಟ್, ಅಂದರೆ ಎರಡು ಬ್ಯಾಟರಿ. 100 ದಾಟಿದರೆ 36 ವೋಲ್ಟ್, ಮೂರು ಬ್ಯಾಟರಿ. ಮೊದಲ ಸಲ ಕೊಳ್ಳುವವರು ಅತ್ತ ನೋಡದಿರುವುದೇ ವಾಸಿ. ಹಾಸಿಗೆ ಇದ್ದಷ್ಟೇ ಕಾಲು ಚಾಚೋಣ.

ಹಿಂದೆಯೋ ಮುಂದೆಯೋ

ದೋಣಿಯ ಹಿಂಭಾಗದ ಹಲಗೆಗೆ ಎರಡು ತಿರುಪುಗಳಿಂದ ಬಿಗಿದು, ಹಿಡಿಯನ್ನು ಕೈಯಲ್ಲಿ ತಿರುಗಿಸಿ ನಡೆಸುವ ಮೋಟಾರ್ ಒಂದು ಬಗೆ. ದೋಣಿಯ ಮೂತಿಯ ಮೇಲೆ ಕೂರಿಸಿ ಕಾಲಿನ ಪೆಡಲ್‌ನಿಂದಲೋ ರಿಮೋಟ್‌ನಿಂದಲೋ ನಡೆಸುವುದು ಇನ್ನೊಂದು ಬಗೆ. ಮುಂದಿರುವ ಮೋಟಾರ್ ದೋಣಿಯನ್ನು ಎಳೆಯುತ್ತದೆ, ಹಿಂದಿನದು ತಳ್ಳುತ್ತದೆ. ಗಾಳಿ ಬೀಸಿದಾಗ ಮೊದಲು ಪಕ್ಕಕ್ಕೆ ತಿರುಗುವುದು ಹಗುರಾದ ಮೂತಿಯೇ. ಹಾಗಾಗಿ ಎಳೆಯುವ ಮೋಟಾರಿನಿಂದ ದಿಕ್ಕು ಹಿಡಿಯುವುದು ಸುಲಭ. ಎತ್ತು ಗಾಡಿಯ ಮುಂದಿರುವುದಕ್ಕೂ ಕಾರಣ ಇದೆಯಲ್ಲವೇ?

ಆದರೆ ಬೆಲೆ ನೋಡಿ. ಹಿಂದೆ ಕಟ್ಟುವ ಸಾಧಾರಣ ಮೋಟಾರ್ ಕೆಲವು ನೂರು ಡಾಲರಿಗೆ ಬರುತ್ತದೆ. ಮುಂದೆ ಕೂರಿಸುವ, ಜಿ.ಪಿ.ಎಸ್. ಇರುವ ಮೋಟಾರ್ ಸಾವಿರ ಡಾಲರನ್ನು ಸುಲಭವಾಗಿ ದಾಟುತ್ತದೆ. ಆ ಜಿ.ಪಿ.ಎಸ್. ಏನು ಮಾಡುತ್ತದೆ ಎಂದರೆ, ಒಂದು ಗುಂಡಿ ಒತ್ತಿದರೆ ಮೋಟಾರ್ ತಾನೇ ಅತ್ತಿತ್ತ ತಿರುಗುತ್ತಾ ದೋಣಿಯನ್ನು ಇದ್ದ ಜಾಗದಲ್ಲೇ ನಿಲ್ಲಿಸಿಕೊಳ್ಳುತ್ತದೆ. ಲಂಗರು ಹಾಕುವ, ಕೆಸರು ಮೆತ್ತಿದ ಹಗ್ಗ ಎಳೆಯುವ ತಾಪತ್ರಯ ಇಲ್ಲ. ವಾಲ್‌ಐ ಮೀನಿನ ಬೆನ್ನು ಹತ್ತಿದವರು ಇದಿಲ್ಲದೆ ಬದುಕಲಾಗದು ಎನ್ನುತ್ತಾರೆ. ಬೇಸಿಗೆಯಲ್ಲಿ ಐದಾರು ಸಲ ಮಕ್ಕಳನ್ನು ಕರೆದುಕೊಂಡು ಸನ್‌ಫಿಶ್ ಹಿಡಿಯುವವರಿಗೆ ಇದು ಖಂಡಿತ ಬೇಡ. ಆ ದುಡ್ಡಿನಲ್ಲಿ ಒಳ್ಳೆಯ ಬ್ಯಾಟರಿ, ಎಲ್ಲರಿಗೂ ಅಳತೆಗೆ ಸರಿಯಾದ ಲೈಫ್ ಜಾಕೆಟ್ ಕೊಂಡರೆ ಹೆಚ್ಚು ಉಪಯೋಗ.

ಮೋಟಾರಿನ ಕಂಬದ ಉದ್ದವನ್ನೂ ನೋಡಬೇಕು. ಪ್ರೊಪೆಲ್ಲರಿನ ಮೇಲ್ತುದಿ ನೀರಿನ ಮಟ್ಟಕ್ಕಿಂತ ಸುಮಾರು ಒಂದು ಅಡಿ ಕೆಳಗಿರಬೇಕು. ಕಂಬ ಗಿಡ್ಡವಾದರೆ ಅಲೆ ಬಂದಾಗ ಪ್ರೊಪೆಲ್ಲರ್ ಗಾಳಿಯಲ್ಲಿ ಗರ್ರನೆ ತಿರುಗುತ್ತದೆ, ದೋಣಿ ಮಾತ್ರ ಕದಲುವುದಿಲ್ಲ. ಹಿಂದೆ ಕಟ್ಟುವ ಸಣ್ಣ ದೋಣಿಗಳಿಗೆ 30 ಅಥವಾ 36 ಇಂಚು ಸಾಮಾನ್ಯ. ಅಂಗಡಿಗೆ ಹೋಗುವ ಮೊದಲು ದೋಣಿಯ ಹಿಂಬದಿಯ ಹಲಗೆಯಿಂದ ನೀರಿನ ಗೆರೆಯವರೆಗೆ ಟೇಪು ಹಿಡಿದು ಅಳೆದುಕೊಂಡು ಹೋಗಿ.

ನಿಜವಾದ ಖರ್ಚು ಬ್ಯಾಟರಿಯದ್ದು

ಮೋಟಾರ್ ಕೊಂಡು, ಗ್ಯಾರೇಜಿನಲ್ಲಿದ್ದ ಹಳೆಯ ಕಾರ್ ಬ್ಯಾಟರಿ ಹಾಕಿದರಾಯಿತು ಎಂಬುದು ನಾವು ಪದೇ ಪದೇ ಕೇಳುವ ಮಾತು. ದಯವಿಟ್ಟು ಬೇಡ. ಕಾರಿನ ಬ್ಯಾಟರಿ ತಯಾರಾಗಿರುವುದು ಎಂಜಿನ್ ಶುರು ಮಾಡಲು ಕೆಲವೇ ಸೆಕೆಂಡು ಜೋರಾಗಿ ಕರೆಂಟ್ ಕೊಡಲು; ಆಮೇಲೆ ಎಂಜಿನ್ನೇ ಅದನ್ನು ತುಂಬಿಸುತ್ತದೆ. ಗಂಟೆಗಟ್ಟಲೆ ನಿಧಾನವಾಗಿ ಬಸಿದುಹೋಗುವುದು ಅದರ ಜಾಯಮಾನವಲ್ಲ. ಕೆಲವು ಸಲ ಹಾಗೆ ಬಸಿದರೆ ಸತ್ತೇ ಹೋಗುತ್ತದೆ. ಟ್ರೋಲಿಂಗ್ ಮೋಟಾರಿಗೆ 'ಡೀಪ್ ಸೈಕಲ್' ಬ್ಯಾಟರಿಯೇ ಬೇಕು.

ಎಷ್ಟು ದೊಡ್ಡದು? ಬ್ಯಾಟರಿಯ ಮೇಲೆ ಆಂಪಿಯರ್-ಅವರ್ ಲೆಕ್ಕ ಬರೆದಿರುತ್ತದೆ. 55 ಪೌಂಡಿನ ಮೋಟಾರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ, 30 ಪೌಂಡಿನದು ಸುಮಾರು 30. ನಿಮ್ಮದು 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ಎನ್ನಿ. ಅದನ್ನು ಅರ್ಧಕ್ಕಿಂತ ಹೆಚ್ಚು ಬಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಹಾಗಾಗಿ ಕೈಗೆ ಸಿಗುವುದು 50. 55 ಪೌಂಡಿನ ಮೋಟಾರನ್ನು ಪೂರ್ತಿ ಒತ್ತಿ ಓಡಿಸಿದರೆ ಒಂದು ಗಂಟೆಯೂ ಬಾರದು, ಏಕೆಂದರೆ ಜೋರಾಗಿ ಎಳೆದಷ್ಟೂ ಸೀಸದ ಬ್ಯಾಟರಿ ಕೊಡುವ ಒಟ್ಟು ಕರೆಂಟೇ ಕಡಿಮೆ. ಅದೇ ಮೋಟಾರನ್ನು ನಿಧಾನವಾಗಿ, 12 ಆಂಪಿಯರಿನಲ್ಲಿ ಓಡಿಸಿದರೆ ನಾಲ್ಕು ಗಂಟೆ ಬರುತ್ತದೆ. ನೀರಿನಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿದರೆ ಬೇಕಾಗುವ ಶಕ್ತಿ ಸುಮಾರು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅವಸರವಿಲ್ಲದವನಿಗೆ ಬ್ಯಾಟರಿ ದಿನವಿಡೀ ಬಾಳುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಅಗ್ಗದ ಮೋಟಾರುಗಳಲ್ಲಿ ಒಂದರಿಂದ ಐದರವರೆಗೆ ವೇಗದ ಮೆಟ್ಟಿಲುಗಳಿರುತ್ತವೆ. ಇವುಗಳಲ್ಲಿ ವೇಗ ಕಡಿಮೆ ಮಾಡಿದಾಗ ಕರೆಂಟಿನ ಒಂದು ಪಾಲು ಒಳಗಿನ ತಂತಿ ಸುರುಳಿಗಳಲ್ಲಿ ಶಾಖವಾಗಿ ಹೋಗುತ್ತದೆ. ಎಷ್ಟು ಬೇಕೋ ಅಷ್ಟು ವೇಗಕ್ಕೆ ತಿರುಗಿಸಿಕೊಳ್ಳಬಹುದಾದ ಮೋಟಾರುಗಳಲ್ಲಿ ಕರೆಂಟನ್ನು ಕ್ಷಣಕ್ಷಣಕ್ಕೆ ತುಂಡರಿಸಿ ಕೊಡುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇರುತ್ತದೆ. ಆ ಪೋಲು ಇಲ್ಲ. ಬೆಲೆ ಸ್ವಲ್ಪ ಹೆಚ್ಚು. ನಿಧಾನವಾಗಿ ಓಡಿಸುವುದೇ ಉದ್ದೇಶವಾದ ಮೋಟಾರಿಗೆ ಈ ಸ್ವಲ್ಪ ಹೆಚ್ಚಿನ ದುಡ್ಡು ಕೊಡುವುದು ಸರಿ ಎಂದೇ ನಮ್ಮ ಅಭಿಪ್ರಾಯ.

ಈಗ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗಳ ಕಾಲ. 100 ಆಂಪಿಯರ್-ಅವರ್‌ನದು 25-30 ಪೌಂಡ್ ತೂಗುತ್ತದೆ, ಅಂದರೆ ಸೀಸದ್ದರ ಅರ್ಧ. ಅದರಲ್ಲಿ 80-90 ಪಾಲನ್ನು ಧೈರ್ಯವಾಗಿ ಬಳಸಬಹುದು. ಕೊನೆಯವರೆಗೂ ಮೋಟಾರಿನ ಬಲ ಕುಂದುವುದಿಲ್ಲ. ಅದೇ ಅದರ ಅಪಾಯ ಕೂಡ! ಸೀಸದ ಬ್ಯಾಟರಿ ಸೊರಗುತ್ತಾ ಬಂದು ಮುನ್ಸೂಚನೆ ಕೊಡುತ್ತದೆ, ಲಿಥಿಯಂ ಥಟ್ಟನೆ ನಿಂತುಬಿಡುತ್ತದೆ. ಆದ್ದರಿಂದ ಎಷ್ಟು ಉಳಿದಿದೆ ಎಂದು ತೋರಿಸುವ ಸಣ್ಣ ಮೀಟರ್ ಹಾಕಿಸಿ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಹಾಳಾಗುತ್ತದೆ. ಅದಕ್ಕೆ ತಕ್ಕ ಚಾರ್ಜರೇ ಬೇಕು. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬಿಡುತ್ತದೆ, ಅದನ್ನು ಗಾಳಿಯಾಡುವ ಕಡೆ ಇಡಬೇಕು. ಮನೆಯೊಳಗೆ ದೇವರ ದೀಪ ಉರಿಯುವ ಮೂಲೆಯ ಹತ್ತಿರವಂತೂ ಬೇಡವೇ ಬೇಡ.

ಬ್ಯಾಟರಿಗೂ ಮೋಟಾರಿಗೂ ನಡುವೆ ಸರ್ಕ್ಯೂಟ್ ಬ್ರೇಕರ್ ಇರಲೇಬೇಕು. ಪ್ರೊಪೆಲ್ಲರಿಗೆ ಜೊಂಡು ಸುತ್ತಿಕೊಂಡು ಮೋಟಾರ್ ಸಿಕ್ಕಿಹಾಕಿಕೊಂಡರೆ ಅದು ಎಳೆಯುವ ಕರೆಂಟಿಗೆ ತಂತಿ ಕೆಂಪಗೆ ಕಾಯುತ್ತದೆ. ಎಷ್ಟು ಆಂಪಿಯರಿನ ಬ್ರೇಕರ್, ಎಷ್ಟು ದಪ್ಪದ ತಂತಿ ಎಂಬುದು ಮೋಟಾರಿನ ಪುಸ್ತಕದಲ್ಲಿರುತ್ತದೆ, ಅದನ್ನೇ ಅನುಸರಿಸಿ. ಬ್ಯಾಟರಿಯನ್ನು ಮುಚ್ಚಳವಿರುವ ಪೆಟ್ಟಿಗೆಯಲ್ಲಿಟ್ಟು ಪಟ್ಟಿಯಿಂದ ಬಿಗಿಯಿರಿ. ಮೋಟಾರೂ ಅದನ್ನು ನಡೆಸುವವರೂ ಹಿಂದಿರುವಾಗ ಬ್ಯಾಟರಿಯನ್ನು ಮುಂದಕ್ಕೆ ಸರಿಸಿದರೆ ದೋಣಿ ಸಮನಾಗಿ ಕೂರುತ್ತದೆ. ಅದಕ್ಕೆ ಉದ್ದನೆಯ ತಂತಿ ಬೇಕು, ಉದ್ದ ಹೆಚ್ಚಾದರೆ ದಪ್ಪವೂ ಹೆಚ್ಚಬೇಕು.

ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಒಂದು ಸರಳ ಕ್ರಮ: ಬಳಸಬಹುದಾದ ಬ್ಯಾಟರಿಯಲ್ಲಿ ಮೂರನೇ ಒಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದ ಪಾಲು ಗಾಳಿಗೆ ಮೀಸಲು. ಹೊರಡುವಾಗ ಗಾಳಿಗೆ ಎದುರಾಗಿಯೇ ಹೊರಡಿ. ಆಗ ಬರುವಾಗ ಗಾಳಿಯೇ ಮನೆಗೆ ತಳ್ಳುತ್ತದೆ. ಒಂದು ಜೊತೆ ಹುಟ್ಟುಗಳು ದೋಣಿಯಲ್ಲಿ ಸದಾ ಇರಲಿ. ಈ ಮೋಟಾರ್ ಒಂದನ್ನೇ ನಂಬಿಕೊಂಡು ಮಿಲ್ ಲ್ಯಾಕ್ಸ್‌ನಂಥ ಕೆರೆಗೆ ಇಳಿಯಬೇಡಿ. ಅದು 1,32,000 ಎಕರೆಯ ನೀರು, ಆಳ ಕಡಿಮೆ, ಗಾಳಿ ಎದ್ದರೆ ನೋಡನೋಡುತ್ತಲೇ ದೊಡ್ಡ ಅಲೆಗಳು ಏಳುತ್ತವೆ. ನಮ್ಮಂಥವರಿಗೆ ಕೆಲವು ನೂರು ಎಕರೆಯ ಕೆರೆಗಳೇ ಸಾಕಷ್ಟಿವೆ.

ಕಾನೂನು ಮತ್ತು ಲೈಫ್ ಜಾಕೆಟ್

55 ಪೌಂಡಿನ ಮೋಟಾರ್ ಎಳೆಯುವುದು 12 ವೋಲ್ಟಿನಲ್ಲಿ 50 ಆಂಪಿಯರ್, ಅಂದರೆ 600 ವ್ಯಾಟ್. ಒಂದು ಹಾರ್ಸ್ ಪವರೂ ಇಲ್ಲ. ಮನೆಯ ಮಿಕ್ಸಿಯ ಲೆಕ್ಕ. 'ಇದಕ್ಕೂ ರಿಜಿಸ್ಟ್ರೇಷನ್ ಬೇಕಾ?' ಎಂದು ಕೇಳುತ್ತಾರೆ. ಬೇಕು. ಮಿನ್ನೆಸೋಟದಲ್ಲಿ ಎಷ್ಟೇ ಸಣ್ಣ ಎಲೆಕ್ಟ್ರಿಕ್ ಮೋಟಾರ್ ಕಟ್ಟಿದರೂ, ಅದು ಕನೂವೇ ಆಗಿರಲಿ, ಕಾನೂನಿನ ಕಣ್ಣಿಗೆ ಅದು ಮೋಟಾರ್ ದೋಣಿ. ಡಿ.ಎನ್.ಆರ್. ನಂಬರನ್ನು ದೋಣಿಯ ಮುಂಭಾಗದ ಎರಡೂ ಪಕ್ಕ ಅಂಟಿಸಬೇಕು. ಸೂರ್ಯ ಮುಳುಗಿದ ಮೇಲೆ ದೀಪಗಳು ಬೇಕು. ಕುಡಿದು ನಡೆಸಿದರೆ ಇದಕ್ಕೂ ಕೇಸು. 2025ರ ಜುಲೈನಿಂದ, 2004ರ ಜುಲೈ 1 ಮತ್ತು ಆಮೇಲೆ ಹುಟ್ಟಿದವರು ಮೋಟಾರ್ ದೋಣಿ ನಡೆಸಲು ಪರ್ಮಿಟ್ ಪಡೆಯಬೇಕಾಗಿದೆ. ಈ ನಿಯಮ ವರ್ಷದಿಂದ ವರ್ಷಕ್ಕೆ ಇನ್ನೂ ಹಿರಿಯರಿಗೆ ವಿಸ್ತರಿಸುತ್ತಾ ಹೋಗುತ್ತದೆ. ಕಾಲೇಜಿನ ಮಕ್ಕಳಿರುವವರು ಇದನ್ನು ಗಮನಿಸಿ. ಉತ್ತರದ ಬೌಂಡರಿ ವಾಟರ್ಸ್ ಕಾಡಿಗೆ ಹೋಗುವವರಿಗೆ ಇನ್ನೊಂದು ಮಾತು: ಅಲ್ಲಿನ ಬಹುಪಾಲು ಕೆರೆಗಳಲ್ಲಿ ಮೋಟಾರಿಗೆ ಅವಕಾಶವಿಲ್ಲ, ಎಲೆಕ್ಟ್ರಿಕ್ ಎಂಬ ರಿಯಾಯಿತಿಯೂ ಇಲ್ಲ. ಬೇರೆ ರಾಜ್ಯಗಳಲ್ಲಿರುವ ಬಂಧುಗಳು ತಮ್ಮ ರಾಜ್ಯದ ನಿಯಮ ನೋಡಿಕೊಳ್ಳಬೇಕು.

ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಅಳತೆಗೆ ಸರಿಯಾದ ಒಂದು ಲೈಫ್ ಜಾಕೆಟ್ ಇರಬೇಕೆಂಬುದು ಕಾನೂನು. ಮಿನ್ನೆಸೋಟದಲ್ಲಿ 10 ವರ್ಷದೊಳಗಿನ ಮಕ್ಕಳು, ದೋಣಿ ಸಾಗುತ್ತಿರುವಾಗ, ಅದನ್ನು ತೊಟ್ಟೇ ಇರಬೇಕು. ನಾವು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇವೆ, ದೊಡ್ಡವರೂ ತೊಡಲಿ. ನಮ್ಮಲ್ಲಿ ಈಜು ಬಾರದವರೇ ಹೆಚ್ಚು. ಬೆಂಗಳೂರಿನಲ್ಲಿ ಬೆಳೆದವರಿಗೆ ಬಾವಿಯೂ ಇರಲಿಲ್ಲ, ಹೊಳೆಯೂ ಇರಲಿಲ್ಲ. ಊರಿನ ಕೆರೆಯಲ್ಲಿ ಈಜು ಕಲಿತವರಿಗೂ ಇಲ್ಲಿನ ನೀರು ಹೊಸದು. ಮೇ ಮಧ್ಯದಲ್ಲಿ ಮೀನುಗಾರಿಕೆ ಆರಂಭವಾಗುವಾಗ ಹೊರಗೆ ಬಿಸಿಲು ಹಿತವಾಗಿರುತ್ತದೆ, ಆದರೆ ಮಂಜು ಕರಗಿ ಕೆಲವೇ ವಾರಗಳಾದ ನೀರು 50 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿರುತ್ತದೆ. ಅಂಥ ನೀರಿಗೆ ಬಿದ್ದ ಕ್ಷಣ ಉಸಿರು ತಾನಾಗಿಯೇ ಒಳಕ್ಕೆ ಸೆಳೆಯುತ್ತದೆ, ಬಾಯಿ ನೀರಿನೊಳಗಿದ್ದರೆ ನೀರನ್ನೇ ಸೆಳೆಯುತ್ತದೆ. ಕೆಲವೇ ನಿಮಿಷಗಳಲ್ಲಿ ಕೈಕಾಲು ಮಾತು ಕೇಳುವುದಿಲ್ಲ. ಬಿದ್ದ ಮೇಲೆ ಜಾಕೆಟ್ ಹುಡುಕಿ ತೊಡುವ ಹೊತ್ತು ಸಿಗುವುದಿಲ್ಲ. ಬೇಸಿಗೆಗೆ ಬಂದಿರುವ ಅಜ್ಜ ಅಜ್ಜಿಯರನ್ನು ಕರೆದೊಯ್ಯುವಾಗ 'ನನಗೆ ಬೇಡಪ್ಪ, ಸೆಖೆ' ಎಂದರೂ ಒಪ್ಪಬೇಡಿ. ಸೀರೆಯ ಮೇಲೂ ಜಾಕೆಟ್ ಚೆನ್ನಾಗಿಯೇ ಕೂರುತ್ತದೆ.

ದೋಣಿಯಲ್ಲಿ ಎಷ್ಟು ಜನ, ಎಷ್ಟು ತೂಕ ಎಂಬುದು ಅದರ ಒಳಗಿನ ಸಣ್ಣ ಲೋಹದ ಫಲಕದ ಮೇಲೆ ಬರೆದಿರುತ್ತದೆ. ಮೋಟಾರ್, ಬ್ಯಾಟರಿ ಸೇರಿಯೇ ಆ ತೂಕ.

ಮನೆಗೆ ಬಂದ ಮೇಲೆ

ಕೆರೆಯಿಂದ ಮೇಲೆ ತಂದ ಕೂಡಲೇ ಪ್ರೊಪೆಲ್ಲರಿಗೆ ಸುತ್ತಿದ ಜೊಂಡನ್ನೆಲ್ಲ ಕಿತ್ತು ಹಾಕಿ, ದೋಣಿಯ ತಳದ ಬಿರಡೆ ತೆಗೆದು ನೀರೆಲ್ಲ ಬಸಿಯಿರಿ. ರಸ್ತೆಯಲ್ಲಿ ಒಯ್ಯುವಾಗ ಬಿರಡೆ ತೆಗೆದೇ ಇರಬೇಕೆಂಬುದು ಇಲ್ಲಿನ ಕಾನೂನು. ಜೀಬ್ರಾ ಮಸಲ್ ಎಂಬ ಉಗುರಿನಷ್ಟು ಚಿಪ್ಪುಜೀವಿ ಹೀಗೆಯೇ ಒಂದು ಕೆರೆಯಿಂದ ಇನ್ನೊಂದಕ್ಕೆ ದಾಟುತ್ತದೆ. ಎರಡು ಮೂರು ಸಲ ಹೋಗಿ ಬಂದ ಮೇಲೆ ಪ್ರೊಪೆಲ್ಲರಿನ ನಟ್ ಬಿಚ್ಚಿ ಹಿಂದೆ ನೋಡಿ. ಗಾಳದ ನೈಲಾನ್ ದಾರ ಅಲ್ಲಿ ಸುತ್ತಿಕೊಂಡಿದ್ದರೆ ರಬ್ಬರ್ ಸೀಲನ್ನು ಕತ್ತರಿಸಿ ಮೋಟಾರಿನೊಳಗೆ ನೀರು ಬಿಡುತ್ತದೆ. ಈ ಮೋಟಾರುಗಳು ಸಾಯುವುದು ಹೆಚ್ಚಾಗಿ ಇದರಿಂದಲೇ. ಪ್ರೊಪೆಲ್ಲರನ್ನು ಹಿಡಿದಿರುವ ಸಣ್ಣ ಪಿನ್ನು ಕಲ್ಲಿಗೆ ತಾಗಿದಾಗ ಮುರಿಯಬಹುದು, ಹಾಗಾಗಿ ಒಂದು ಹೆಚ್ಚುವರಿ ಪಿನ್ನು, ಅದಕ್ಕೆ ಬೇಕಾದ ಸ್ಪ್ಯಾನರ್ ಡಬ್ಬಿಯಲ್ಲಿರಲಿ.

ಅಕ್ಟೋಬರಿನಲ್ಲಿ ದೋಣಿ ಕಟ್ಟಿಡುವಾಗ ಸೀಸದ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಇಡಿ. ತುಂಬಿದ ಬ್ಯಾಟರಿ ನಮ್ಮ ಜನವರಿಯ ಚಳಿಯನ್ನೂ ತಡೆಯುತ್ತದೆ. ಖಾಲಿಯಾದದ್ದರಲ್ಲಿ ಒಳಗಿನ ಆಮ್ಲ ನೀರಿನಂತಾಗಿ ಹೆಪ್ಪುಗಟ್ಟಿ, ಡಬ್ಬಿಯೇ ಒಡೆಯುತ್ತದೆ. ಚಳಿಗಾಲದಲ್ಲಿ ಒಂದೆರಡು ಸಲ ಮತ್ತೆ ಚಾರ್ಜ್ ಮಾಡಿ. ಲಿಥಿಯಂ ಆದರೆ ಅರ್ಧಕ್ಕಿಂತ ತುಸು ಹೆಚ್ಚು ತುಂಬಿಸಿ, ತಂತಿಗಳನ್ನು ಬಿಚ್ಚಿ, ಬೇಸ್‌ಮೆಂಟಿನಲ್ಲಿ ಇಟ್ಟುಬಿಡಿ.